ಮೊರಡಿ ಹೊಲದಲ್ಲಿ ಹುಲ್ಲು ಬೆಳೆಸಿ, ದೇವಣಿ ದನಗಳನ್ನು ಸರದಿಯಲ್ಲಿ ಮೇಯಿಸುವುದು ಹೇಗೆ?

ಕಾರ ಹುಣ್ಣಿಮೆಯ ಹೊತ್ತಿಗೆ ಬೀದರ್ ಜಿಲ್ಲೆಯ ನಮ್ಮ ಭಾಲ್ಕಿ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು. ಸೋಯಾ ಬೀಜ ಬಂತಾ? ಗೊಬ್ಬರ ಸಿಕ್ಕಿತಾ? ಐದು ವರ್ಷದ ಹಿಂದೆ ಅದೇ ಹೊತ್ತಿಗೆ ನಾನು ಎರಡು ಎಕರೆ ಮೊರಡಿ (ಕಲ್ಲು ಗರಸಿನ ಇಳಿಜಾರು) ಹೊಲಕ್ಕೆ ಸೋಯಾ ಬಿಟ್ಟು ಹುಲ್ಲು ಬಿತ್ತಿದೆ. ಆ ಹೊಲದಲ್ಲಿ ತೊಗರಿ ಎರಡು ವರ್ಷ ಸತತವಾಗಿ ನೆಟೆ ರೋಗಕ್ಕೆ ಒಣಗಿತ್ತು. ಸೋಯಾ ಬಿತ್ತಿದರೆ ಗರಸು ಮಣ್ಣು ಹತ್ತು ದಿನದ ಬಿಸಿಲನ್ನೂ ತಡೆಯುತ್ತಿರಲಿಲ್ಲ. ಈಗ ಅಲ್ಲಿ ಒಟ್ಟು ಆರು ಎಕರೆ ಹುಲ್ಲು ಇದೆ. ಮೂರು ದೇವಣಿ ಆಕಳು ಸರದಿ ಪ್ರಕಾರ ಮೇಯುತ್ತವೆ.

ಸರದಿ ಮೇವು ಅಂದರೆ ಹೊಲವನ್ನು ಸಣ್ಣ ಸಣ್ಣ ಪಟ್ಟಿ ಮಾಡಿ, ಒಂದು ಪಟ್ಟಿಯಲ್ಲಿ ಕೆಲವೇ ದಿನ ದನ ಬಿಟ್ಟು, ಆಮೇಲೆ ಅದಕ್ಕೆ ಪೂರ್ತಿ ವಿಶ್ರಾಂತಿ ಕೊಡುವುದು. ಹೊರದೇಶಗಳಲ್ಲಿ ಇದನ್ನು ಜಾಸ್ತಿ ಮಾಂಸದ ದನಗಳಿಗೆ ಮಾಡುತ್ತಾರೆ. ನಮ್ಮ ರಾಜ್ಯದಲ್ಲಿ 2020ರ ಕಾಯ್ದೆ ಪ್ರಕಾರ ಆಕಳು, ಹೋರಿ, ಎತ್ತು, ಕರುಗಳ ವಧೆಗೆ ಅವಕಾಶವಿಲ್ಲ. ಆದ್ದರಿಂದ ಇಲ್ಲಿ ನಾವು ಲೆಕ್ಕ ಹಾಕಬೇಕಾದ್ದು ಹಾಲು, ಹೋರಿಗರು, ಎತ್ತಿನ ಜೋಡಿ, ಗೊಬ್ಬರದ ಮೇಲೆ. ಅದಕ್ಕೆ ದೇವಣಿ ಹೇಳಿ ಮಾಡಿಸಿದ ತಳಿ. ಹಾಲಿಗೂ ಸೈ, ದುಡಿಮೆಗೂ ಸೈ. ಪೂರ್ತಿ ಬಿಳಿ ಮೈಯ ಬಾಲಾಂಕ್ಯಾ, ಬಿಳಿ ಮೈಗೆ ಕರಿ ಮುಖದ ವಾನ್ನೇರಾ, ಕರಿ ಮಚ್ಚೆಯ ಶೇವರಾ ಅಂತ ಮೂರು ಬಗೆ. ಹುಲ್ಲಿಗೆ ಮಾತ್ರ ಯಾವ ದನವಾದರೂ ಒಂದೇ. ಅದಕ್ಕೆ ಬೇಕಾದ್ದು ಮೇಯಿಸಿದ ಮೇಲೆ ಸಿಗುವ ಬಿಡುವು. ಈ ಬರಹದ ಉದ್ದಕ್ಕೂ ನಾನು ಹೇಳುವುದು ಇದೊಂದನ್ನೇ.

ಯಾವ ಹೊಲ ತೆಗೆದುಕೊಳ್ಳಬೇಕು

ಒಳ್ಳೆ ಎರೆ ಹೊಲವನ್ನು ದಯವಿಟ್ಟು ಮುಟ್ಟಬೇಡಿ. ಕಲಬುರಗಿ ಕಡೆಯ ಆಳದ ಕರಿ ಮಣ್ಣಿನಲ್ಲಿ ತೊಗರಿ, ಕಡಲೆ, ಹಿಂಗಾರಿ ಜೋಳ ಚೆನ್ನಾಗಿ ಬರುತ್ತಿದ್ದರೆ ಅದನ್ನು ಹುಲ್ಲಿಗೆ ಬಿಡುವುದು ನಷ್ಟ. ಜೋಳದ ಕಣಕಿ (ಒಣ ದಂಟು) ಇಲ್ಲದೆ ಬೇಸಿಗೆ ದಾಟಲಿಕ್ಕೂ ಆಗುವುದಿಲ್ಲ. ಹುಲ್ಲಿಗೆ ಬೇಕಾದ್ದು ಇಳಿಜಾರಿನ ಹೊಲ, ಒಂದು ಮೊಳ ಅಗೆದರೆ ಗರಸು ಸಿಗುವ ಮಸಾರಿ, ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು, ಮಳೆ ಬಂದರೆ ಮೇಲ್ಮಣ್ಣು ಕೊಚ್ಚಿ ಹೋಗುವ ಮೊರಡಿ. ಮೂರು ವರ್ಷದ ಲೆಕ್ಕ ತೆಗೆದು ನೋಡಿ. ಬೀಜ, ಗೊಬ್ಬರ, ಹೊಡೆಯುವ ಔಷಧ, ಆಳು ಎಲ್ಲ ಕಳೆದು ಕೈಗೆ ಏನೂ ಉಳಿಯದ ತುಂಡು ಯಾವುದೋ ಅದೇ ನಿಮ್ಮ ಹುಲ್ಲುಗಾವಲು.

ಒಂದೇ ಸಲಕ್ಕೆ ಪೂರ್ತಿ ಹೊಲ ಬದಲಿಸಬೇಡಿ. ಮೊದಲ ವರ್ಷ ಒಂದೆರಡು ಎಕರೆ ಸಾಕು. ಹುಲ್ಲು ಬಿತ್ತಿದ ವರ್ಷ ಅಲ್ಲಿ ದನ ಮೇಯಿಸುವ ಹಾಗಿಲ್ಲ, ಆದಾಯವೂ ಇಲ್ಲ. ಉಳಿದ ಹೊಲ ಆ ವರ್ಷ ಮನೆ ನಡೆಸಬೇಕು, ಅಲ್ವಾ?

ಬೆಳೆ ಸಮೀಕ್ಷೆಗೆ ಬಂದಾಗ ಆ ತುಂಡನ್ನು ಮೇವಿನ ಬೆಳೆ ಅಂತಲೇ ಬರೆಸಿ. ಖಾಲಿ ಬಿದ್ದ ಹೊಲ ಅಂತ ದಾಖಲಾಗುವುದು ಬೇಡ.

ಎಷ್ಟು ದನ? ಲೆಕ್ಕ ಹೀಗೆ

ಬಹಳ ಜನ ಎಡವುವುದು ಇಲ್ಲೇ. ಹಸಿರು ನೋಡಿದ ಕೂಡಲೇ ಇನ್ನೆರಡು ಆಕಳು ತರುತ್ತಾರೆ.

ದೊಡ್ಡ ದೇವಣಿ ಆಕಳಿನ ತೂಕ 340–350 ಕೆ.ಜಿ. ಅಂತ ಹಿಡಿಯಿರಿ. ದಿನಕ್ಕೆ ಅದರ ತೂಕದ ನೂರಕ್ಕೆ ಎರಡೂವರೆ ಭಾಗದಷ್ಟು ಒಣ ಮೇವು ಬೇಕು. ಅಂದರೆ ಸುಮಾರು 9 ಕೆ.ಜಿ. ಹಸಿ ಹುಲ್ಲಿನ ಲೆಕ್ಕದಲ್ಲಿ 35 ಕೆ.ಜಿ. ಹತ್ತಿರ. ಮಳೆಯಾಶ್ರಯದಲ್ಲಿ ಚೆನ್ನಾಗಿ ಬೇರು ಬಿಟ್ಟ ಹುಲ್ಲು ಎಕರೆಗೆ ವರ್ಷಕ್ಕೆ ಒಂದೂವರೆ ಟನ್ ಆಸುಪಾಸು ಒಣ ಮೇವು ಕೊಡುತ್ತದೆ. ಮಳೆ ಒಳ್ಳೆದಾದರೆ ಸ್ವಲ್ಪ ಮೇಲೆ. ಅಷ್ಟನ್ನೂ ದನಕ್ಕೆ ತಿನ್ನಿಸುವ ಹಾಗಿಲ್ಲ. ನೂರಕ್ಕೆ ಅರವತ್ತು ಭಾಗ ದನಕ್ಕೆ. ಉಳಿದದ್ದು ಬುಡಕ್ಕೆ, ಮಣ್ಣಿಗೆ, ಕಾಲ್ತುಳಿತಕ್ಕೆ. ಹಾಗಾದರೆ ಎಕರೆಗೆ 900 ಕೆ.ಜಿ. ಮೇವು ಕೈಗೆ ಬಂತು.

ಆರು ಎಕರೆಗೆ 5,400 ಕೆ.ಜಿ. ಮೂರು ಆಕಳು ದಿನಕ್ಕೆ 27 ಕೆ.ಜಿ. ತಿಂದರೆ 200 ದಿನ ಬರುತ್ತದೆ. ಜುಲೈಯಿಂದ ಜನವರಿ ಮಧ್ಯದವರೆಗೆ ಅಂತ ಇಟ್ಟುಕೊಳ್ಳಿ. ಉಳಿದ 165 ದಿನಕ್ಕೆ ನಾಲ್ಕೂವರೆ ಟನ್ ಕಣಕಿ, ತೊಗರಿ ಹೊಟ್ಟು, ಕಡಲೆ ಹೊಟ್ಟು ಬಣವೆಯಲ್ಲಿ ಇರಬೇಕು. ವರ್ಷ ಪೂರ್ತಿ ಬರೀ ಹುಲ್ಲಿನ ಮೇಲೆ ಸಾಕುತ್ತೇನೆ ಅಂದರೆ ಒಂದು ಆಕಳಿಗೆ ಮೂರೂವರೆ ಎಕರೆ ಹತ್ತಿರ ಬೇಕಾಗುತ್ತದೆ. ಎರಡು ದೊಡ್ಡ ಕರು ಸೇರಿ ಒಂದು ಆಕಳು ಅಂತ ಎಣಿಸಿ. ದುಡಿಯುವ ಎತ್ತು ಒಂದೂವರೆ ಆಕಳಿನಷ್ಟು ತಿನ್ನುತ್ತದೆ.

ಯಾದಗಿರಿ ಕಡೆ ಮಳೆ ಬೀದರ್‌ಗಿಂತ ಕಡಿಮೆ. ಅಲ್ಲಿಯವರು ಇದೇ ಲೆಕ್ಕದಲ್ಲಿ ಕಾಲು ಭಾಗ ಇಳಿಸಿಕೊಂಡು ಶುರು ಮಾಡುವುದು ಒಳ್ಳೆಯದು. ಹುಲ್ಲು ಉಳಿದರೆ ಕೊಯ್ದು ಒಣಗಿಸಬಹುದು. ದನ ಜಾಸ್ತಿಯಾದರೆ ಹುಲ್ಲಿನ ಬುಡವೇ ಸಾಯುತ್ತದೆ.

ಬೇಸಿಗೆಯಲ್ಲೇ ಬೇಲಿ ಮತ್ತು ನೀರು

ನಮ್ಮ ಕಡೆ ರಾಶಿ ಮುಗಿದ ಮೇಲೆ ಹೊಲ ಎಲ್ಲರ ದನಕ್ಕೂ ಬಯಲು. ಇದು ಹಳೆಯ ರೂಢಿ, ಯಾರನ್ನೂ ಬೈಯುವ ಹಾಗಿಲ್ಲ. ಆದರೆ ಎಳೆ ಹುಲ್ಲಿನ ಹೊಲಕ್ಕೆ ಒಂದು ಮಧ್ಯಾಹ್ನ ಊರ ದನ ನುಗ್ಗಿದರೆ ಒಂದು ವರ್ಷದ ಕೆಲಸ ಹೋದ ಹಾಗೆ. ಬಿತ್ತುವ ಮೊದಲೇ ಅಕ್ಕಪಕ್ಕದ ಹೊಲದವರಿಗೆ, ಪ್ರತಿ ವರ್ಷ ಆ ದಾರಿಯಲ್ಲಿ ಬರುವ ಕುರಿ ಹಿಂಡಿನವರಿಗೆ ಬಾಯಿ ಬಿಟ್ಟು ಹೇಳಿ. ನಾನು ಕುರಿ ಹಿಂಡಿನ ಯಜಮಾನರಿಗೆ ಎರೆ ಹೊಲದಲ್ಲಿ ಎರಡು ರಾತ್ರಿ ಕುರಿ ತರುಬಲು (ಗೊಬ್ಬರಕ್ಕಾಗಿ ಕೂಡಿಹಾಕಲು) ಕರೆದೆ. ಕಾಳು ಕೊಟ್ಟೆ. ಮೊರಡಿ ಹೊಲದ ವಿಷಯ ತಿಳಿಸಿ ಹೇಳಿದೆ. ಅವರು ಇಂದಿಗೂ ಆ ಮಾತು ಉಳಿಸಿಕೊಂಡಿದ್ದಾರೆ.

ಸುತ್ತಲಿನ ಬೇಲಿ ಗಟ್ಟಿ ಇರಬೇಕು. ಮುಳ್ಳು ಕಂಟಿ ಒಂದೇ ವರ್ಷ ಬಾಳುತ್ತದೆ. ಒಡ್ಡಿನ ಮೇಲೆ ಗ್ಲಿರಿಸಿಡಿಯಾ ಕಡ್ಡಿ, ಕತ್ತಾಳೆ, ಲೆಕ್ಕಿ ಗಿಡ ಹಚ್ಚಿದರೆ ಮೂರನೇ ವರ್ಷಕ್ಕೆ ಜೀವಂತ ಬೇಲಿ ಆಗುತ್ತದೆ. ಒಳಗಿನ ಪಟ್ಟಿಗಳಿಗೆ ಕಲ್ಲು ಕಂಬ ಬೇಡ. ತಂತಿ ಮುಟ್ಟಿದ ದನಕ್ಕೆ ಸಣ್ಣ ಶಾಕ್ ಕೊಡುವ ಸೋಲಾರ್ ಝಟಕಾ ಯಂತ್ರ ಮತ್ತು ಒಂದೆರಡು ಎಳೆ ತಂತಿ ಸಾಕು. ದೊಡ್ಡ ದನಕ್ಕೆ ನೆಲದಿಂದ ಎರಡೂವರೆ ಮೂರು ಅಡಿ ಎತ್ತರ, ಕರು ಇದ್ದರೆ ಒಂದೂವರೆ ಅಡಿಗೆ ಇನ್ನೊಂದು ಎಳೆ. ಮೊದಲ ಎರಡು ಮೂರು ದಿನ ಕೊಟ್ಟಿಗೆ ಹತ್ತಿರವೇ ತಂತಿ ಕಟ್ಟಿ ದನಗಳಿಗೆ ರೂಢಿ ಮಾಡಿಸಿ. ಒಮ್ಮೆ ಮೂಗು ತಾಗಿಸಿದ ಆಕಳು ಮತ್ತೆ ಹತ್ತಿರ ಹೋಗುವುದಿಲ್ಲ. ಕರೆಂಟ್ ಲೈನಿನಿಂದ ನೇರವಾಗಿ ತಂತಿಗೆ ಕನೆಕ್ಷನ್ ಕೊಡುವುದನ್ನು ಕನಸಲ್ಲೂ ಮಾಡಬೇಡಿ. ಮನುಷ್ಯರೂ ಸಾಯುತ್ತಾರೆ, ದನವೂ ಸಾಯುತ್ತದೆ. ಅದು ಅಪರಾಧ ಕೂಡ. ಯಂತ್ರ ಕೊಳ್ಳಲು ಆಗದಿದ್ದರೆ ಉದ್ದ ಹಗ್ಗ, ಗೂಟ ಹಿಡಿದು ದಿನಕ್ಕೆರಡು ಸಲ ಜಾಗ ಬದಲಿಸಿ. ಕೆಲಸ ಜಾಸ್ತಿ, ಆದರೆ ಫಲ ಅದೇ.

ಎಲ್ಲ ಪಟ್ಟಿಗಳ ಬಾಯಿ ಒಂದು ಓಣಿಗೆ ತೆರೆಯುವ ಹಾಗೆ ಮಾಡಿ. ಓಣಿ ಹತ್ತು ಹನ್ನೆರಡು ಅಡಿ ಅಗಲ ಇರಲಿ. ಅದರ ಕೊನೆಗೆ ನೀರಿನ ದೋಣಿ, ಪಕ್ಕದಲ್ಲಿ ಬೇವಿನ ಮರವೋ ಕರಿಜಾಲಿಯೋ ಇದ್ದರೆ ಚೆಂದ. ಬೇಸಿಗೆಯಲ್ಲಿ ಒಂದು ಆಕಳು 40ರಿಂದ 60 ಲೀಟರ್ ನೀರು ಕುಡಿಯುತ್ತದೆ. ಕೃಷಿ ಹೊಂಡ ಇದ್ದರೆ ದನ ಅದರೊಳಗೆ ಇಳಿಯದ ಹಾಗೆ ನೋಡಿಕೊಂಡು, ನೀರನ್ನು ಪೈಪಿನಲ್ಲಿ ದೋಣಿಗೆ ತನ್ನಿ. ನೀರಿಗೆ ದೂರ ನಡೆಯಬೇಕಾದರೆ ದನ ನೀರಿನ ಹತ್ತಿರದ ಹುಲ್ಲನ್ನೇ ಬೋಳು ಮಾಡುತ್ತದೆ, ದೂರದ್ದು ಬಲಿತು ಕಡ್ಡಿಯಾಗುತ್ತದೆ.

ಆರು ಎಕರೆ ಅಂದರೆ 240 ಗುಂಟೆ. ನಾನು ಅದನ್ನು ತಲಾ 30 ಗುಂಟೆಯ ಎಂಟು ಪಟ್ಟಿ ಮಾಡಿದ್ದೇನೆ. ಎಂಟೇ ಯಾಕೆ ಅಂತ ಮುಂದೆ ಹೇಳುತ್ತೇನೆ. ಪಟ್ಟಿಗಳು ಇಳಿಜಾರಿಗೆ ಅಡ್ಡ ಇರಲಿ, ಹಳೆ ಒಡ್ಡುಗಳನ್ನು ಕೆಡಿಸಬೇಡಿ.

ಬಿತ್ತುವ ಮೊದಲು ಒಂದು ಕುಂಡದ ಪರೀಕ್ಷೆ

ಸೋಯಾ, ಉದ್ದು, ಹೆಸರಿಗೆ ಹೊಡೆಯುವ ಕೆಲವು ಕಳೆ ಔಷಧಗಳ ಅಂಶ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಇಮಾಝೆತಾಪೈರ್ ಅಂಥದ್ದು. ಹುಲ್ಲು, ಜೋಳದ ಎಳೆ ಸಸಿಗೆ ಅದು ಆಗಿ ಬರುವುದಿಲ್ಲ. ಮೇ ತಿಂಗಳಲ್ಲಿ ಹೊಲದ ನಾಲ್ಕೈದು ಕಡೆಯಿಂದ ಮೇಲ್ಮಣ್ಣು ತಂದು ಒಂದು ಕುಂಡಕ್ಕೆ ಹಾಕಿ. ಔಷಧ ಕಾಣದ ಮಣ್ಣನ್ನು ಇನ್ನೊಂದಕ್ಕೆ ಹಾಕಿ. ಎರಡರಲ್ಲೂ ಇಪ್ಪತ್ತು ಕಾಳು ಜೋಳ ಊರಿ ನೀರು ಹಾಕಿ. ಎರಡು ಮೂರು ವಾರಕ್ಕೆ ಹೊಲದ ಮಣ್ಣಿನ ಸಸಿ ಗಿಡ್ಡವಾಗಿ, ಎಲೆ ಹಳದಿ ಇಲ್ಲವೇ ಕೆನ್ನೇರಳೆ ಬಣ್ಣಕ್ಕೆ ತಿರುಗಿದರೆ ಈ ವರ್ಷ ಹುಲ್ಲು ಬೇಡ. ಎರಡೂ ಒಂದೇ ಥರ ಇದ್ದರೆ ಮುಂದುವರಿಯಿರಿ.

ಮಣ್ಣು ಪರೀಕ್ಷೆ ಸಹ ಮಾಡಿಸಿ. ಅದರ ಫಲ ಬರುವವರೆಗೆ ಒಂದು ಅಂದಾಜು: ಎಕರೆಗೆ ಎರಡು ಟನ್ ಕೊಟ್ಟಿಗೆ ಗೊಬ್ಬರ, ಒಂದು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್. ದ್ವಿದಳ ಮೇವಿಗೆ ರಂಜಕ ಬೇಕೇ ಬೇಕು. ಯೂರಿಯಾ ಮೊದಲ ತಿಂಗಳು ಬೇಡ. ಕೊಟ್ಟರೆ ಕಸವೇ ಮೊದಲು ಏಳುತ್ತದೆ.

ಬೀಜ

ಮಣ್ಣು ನೋಡಿ ಹುಲ್ಲು ಆರಿಸಿ. ಕೆಂಪು ಮಸಾರಿ, ಗರಸು ನೆಲಕ್ಕೆ ಅಂಜನ ಹುಲ್ಲು, ಅದರ ಜೊತೆ ಸ್ಟೈಲೋ ಹಮಾಟ ಎಂಬ ದ್ವಿದಳ ಮೇವು. ಕರಿ ಮಣ್ಣಿಗೆ ಮಾರ್ವೆಲ್ ಹುಲ್ಲು, ಜೊತೆಗೆ ಶಂಖಪುಷ್ಪ ಇಲ್ಲವೇ ಸ್ಟೈಲೋ ಸೀಬ್ರಾನ. ಅಂಜನ ಹುಲ್ಲು ನೀರು ನಿಲ್ಲುವ ಎರೆಯಲ್ಲಿ ಸೊರಗುತ್ತದೆ. ಮಾರ್ವೆಲ್ ತಡೆದುಕೊಳ್ಳುತ್ತದೆ. ಒಡ್ಡಿನ ಮೇಲೆ ಬೇಲಿ ಮೆಂತೆ (ಹೆಡ್ಜ್ ಲೂಸರ್ನ್), ಅಗಸೆ (ಚೊಗಚೆ) ಗಿಡ ಹಚ್ಚಿದರೆ ಕರುಗಳಿಗೆ ಹಸಿ ಸೊಪ್ಪು ಸಿಗುತ್ತದೆ. ಬರೀ ಹುಲ್ಲು ಸಾಲದು. ದ್ವಿದಳ ಸೇರಿದರೆ ಮೇವಿನ ಸತ್ವವೂ ಹೆಚ್ಚು, ನೆಲಕ್ಕೂ ಸಾರಜನಕ ಸಿಗುತ್ತದೆ.

ಎಕರೆಗೆ ಅಂಜನ ಎರಡರಿಂದ ಎರಡೂವರೆ ಕೆ.ಜಿ., ಸ್ಟೈಲೋ ಎರಡು ಕೆ.ಜಿ. ಬೀಜಕ್ಕೆ, ಸಲಹೆಗೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ. ಬೀದರ್‌ಗೆ ಜನವಾಡ, ಯಾದಗಿರಿಗೆ ಕವಡಿಮಟ್ಟಿ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮ ಮನೆ ಬಾಗಿಲಲ್ಲೇ ಇದೆ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಗೆ ಧಾರವಾಡದಲ್ಲಿ ಒಂದು ಕೇಂದ್ರವಿದೆ.

ಬೀಜ ತಂದ ಮೇಲೆ ಮೊಳಕೆ ಪರೀಕ್ಷೆ ಮಾಡದೆ ಬಿತ್ತಬೇಡಿ. ಹಸಿ ಗೋಣಿ ತುಂಡಿನಲ್ಲಿ ನೂರು ಕಾಳು ಸುತ್ತಿ ಹತ್ತು ದಿನ ಇಡಿ. ಮೂವತ್ತಕ್ಕಿಂತ ಕಡಿಮೆ ಮೊಳೆತರೆ ಬೀಜದ ಪ್ರಮಾಣ ಹೆಚ್ಚಿಸಿ, ಇಲ್ಲವೇ ಬೀಜ ಬದಲಿಸಿ. ಅಂಜನದ ಹೊಸ ಬೀಜ ನಿದ್ದೆಯಲ್ಲಿರುತ್ತದೆ. ಕೊಯ್ದು ಆರೇಳು ತಿಂಗಳಾದ ಬೀಜವೇ ಚೆನ್ನಾಗಿ ಮೊಳೆಯುತ್ತದೆ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಅದನ್ನು ಬಟ್ಟೆಯಲ್ಲಿ ಕಟ್ಟಿ 80 ಡಿಗ್ರಿ ಬಿಸಿ ನೀರಿನಲ್ಲಿ ನಾಲ್ಕು ನಿಮಿಷ ಅದ್ದಿ ತೆಗೆದು, ರಾತ್ರಿ ಪೂರ್ತಿ ತಣ್ಣೀರಿನಲ್ಲಿ ಇಟ್ಟು, ನೆರಳಲ್ಲಿ ಆರಿಸಿ ಬಿತ್ತಬೇಕು. ನೀರು ಕುದಿಯುತ್ತಿರುವಾಗ ಹಾಕಿದರೆ ಬೀಜ ಬೆಂದು ಹೋಗುತ್ತದೆ.

ಬಿತ್ತನೆ: ನಾನು ಕೆಟ್ಟದ್ದು ಎಲ್ಲಿ

ಮೊದಲ ವರ್ಷ ನಾನು ಅಂಜನ ಬೀಜವನ್ನು ಕೂರಿಗೆಯಲ್ಲಿ ಹಾಕಿ ಜೋಳ ಬಿತ್ತಿದ ಹಾಗೆ ಬಿತ್ತಿದೆ. ಬೀಜ ಅಂಗಡಿಯಲ್ಲಿ ಹಾಗೇ ಹೇಳಿದ್ದರು, ನಾನೂ ಕೇಳಿದೆ. ಹದಿನೈದು ದಿನ ಆಯಿತು, ಇಪ್ಪತ್ತು ಆಯಿತು, ಹೊಲ ತುಂಬ ಕಾಂಗ್ರೆಸ್ ಕಸ ಬಂತು, ಹುಲ್ಲು ಬರಲಿಲ್ಲ. ಒಂದು ದಿನ ಅವ್ವ ಕುರ್ಪಿ ಹಿಡಿದು ಸಾಲಿನ ಮಣ್ಣು ಮೆಲ್ಲಗೆ ಕೆದರಿದಳು. ಎರಡು ಇಂಚು ಕೆಳಗೆ ಬೀಜ ಮೊಳೆತಿತ್ತು. ಕೂದಲಿನಂಥ ಬಿಳಿ ಎಳೆ ಮೇಲೆ ಬರಲಾರದೆ ಸುತ್ತಿಕೊಂಡು ಸತ್ತಿತ್ತು. «ತಮ್ಮಾ, ರಾಗಿಗಿಂತ ಸಣ್ಣ ಕಾಳದು, ಇಷ್ಟು ಮಣ್ಣು ಹೊತ್ತು ಹೆಂಗ ಬರ್ತದ?» ಅಂದಳು.

ಆಮೇಲೆ ಕಲಿತ ರೀತಿ ಇದು. ಮೊದಲ ಮಳೆಗೆ ಬಿತ್ತಬೇಡಿ. ಮಿರಗ (ಮೃಗಶಿರ) ಮಳೆಗೆ ಕಸ ಹುಟ್ಟಲು ಬಿಡಿ. ಅದು ಎರಡೆಲೆ ಆದಾಗ ಕುಂಟೆ ಹೊಡೆದು ಹರಗಿ. ಆಗುವುದಾದರೆ ಇನ್ನೊಂದು ಸಲ. ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ, ಅಂದರೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ, ನೆಲ ಹದವಾಗಿ ಕೂತಿರುವಾಗ ಬಿತ್ತಿ. ಹಗ್ಗ ಹಿಡಿದು ಒಂದೂವರೆ ಅಡಿಗೊಂದು ಸಾಲು ಎಳೆಯಿರಿ. ಉಗುರು ಆಳ ಸಾಕು. ಸಾಲು ಇದ್ದರೆ ಎಡೆಕುಂಟೆ ಹೊಡೆಯಬಹುದು. ಸುಮ್ನೆ ಚೆಲ್ಲಿದರೆ ಕಸ ಯಾವುದು ಹುಲ್ಲು ಯಾವುದು ಅಂತ ಕೂಲಿ ಆಳಿಗೆ ತಿಳಿಯುವುದಿಲ್ಲ.

ಅಂಜನ ಬೀಜಕ್ಕೆ ಹತ್ತಿಯಂಥ ರೋಮ ಇರುತ್ತದೆ. ಕೈಗೆ ಅಂಟುತ್ತದೆ, ಗಾಳಿಗೆ ಹಾರುತ್ತದೆ, ಉಳಿದದ್ದನ್ನು ಇರುವೆ ಹೊತ್ತೊಯ್ಯುತ್ತದೆ. ಒಂದು ಬುಟ್ಟಿ ಜರಡಿ ಹಿಡಿದ ಎರೆ ಮಣ್ಣು, ಅರ್ಧ ಬುಟ್ಟಿ ಹೆಂಡಿ, ಸ್ವಲ್ಪ ನೀರು ಸೇರಿಸಿ ಬೀಜದ ಜೊತೆ ಗೋಣಿ ಮೇಲೆ ಉರುಳಿಸಿ. ಕಡಲೆ ಕಾಳಿನಷ್ಟು ಉಂಡೆಗಳಾಗುತ್ತವೆ. ನೆರಳಲ್ಲಿ ಒಣಗಿಸಿ ಸಾಲಿಗೆ ಬಿಡಿ. ಪ್ರತಿ ಮೂರನೇ ಸಾಲು ಸ್ಟೈಲೋ ಆಗಲಿ. ಮೇಲೆ ಮಣ್ಣು ಮುಚ್ಚಲು ಕುಂಟೆ ಬೇಡ. ಜಾಲಿ ಕಂಟಿಯ ಒಂದು ಟೊಂಗೆಗೆ ಹಗ್ಗ ಕಟ್ಟಿ ಸಾಲಿನ ಮೇಲೆ ಎಳೆದುಕೊಂಡು ಹೋದರೆ ಆಯಿತು. ಬೀಜ ಅರ್ಧ ಕಂಡರೂ ಚಿಂತೆಯಿಲ್ಲ.

ಬೀಜ ಕಡಿಮೆ ಸಿಕ್ಕಿದರೆ ಮಡಿಯಲ್ಲಿ ಸಸಿ ಮಾಡಿ, ಒಂದೂವರೆ ಅಡಿ ಸಾಲಿನಲ್ಲಿ ಅಡಿಗೊಂದು ನೆಡಬಹುದು. ಮಾರ್ವೆಲ್‌ಗೆ ಬೇರು ಸಮೇತ ಬುಡ ಸೀಳಿ ನೆಡುವುದೇ ಒಳ್ಳೆಯದು. ಮಳೆ ಹಿಡಿದಿರುವಾಗ ನೆಟ್ಟರೆ ಬಹುತೇಕ ಎಲ್ಲ ಹಿಡಿಯುತ್ತವೆ.

ಮೊದಲ ವರ್ಷ ಕಾಯಬೇಕು

ಬಿತ್ತಿ ಮೂರು ವಾರಕ್ಕೆ ಒಂದು ಎಡೆ, ಆರು ವಾರಕ್ಕೆ ಇನ್ನೊಂದು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕಿತ್ತು ತೆಗೆಯಿರಿ. ಬಳ್ಳಾರಿ ಜಾಲಿಯ ಸಸಿ ಕಂಡರೆ ಬೇರು ಸಮೇತ ಅಗೆಯಿರಿ. ಎರಡನೇ ಎಡೆ ಆದ ಮೇಲೆ ಎಕರೆಗೆ 20 ಕೆ.ಜಿ. ಯೂರಿಯಾ ಕೊಡಬಹುದು. ಆದರೆ ಹಸಿ ನೆಲದಲ್ಲಿ ಮಾತ್ರ.

ಆ ವರ್ಷ ದನ ಒಳಗೆ ಬಿಡಬೇಡಿ. ಸೆಪ್ಟೆಂಬರ್ ಹೊತ್ತಿಗೆ ಹುಲ್ಲು ಮೊಳಕಾಲುದ್ದ ಬಂದು ಗಾಳಿಗೆ ಓಲಾಡುವಾಗ ಆಕಳು ಬೇಲಿ ಹತ್ತಿರ ನಿಂತು ಕೂಗುತ್ತವೆ. ಮನಸ್ಸು ತಡೆಯುವುದಿಲ್ಲ. ಒಂದು ಕೈ ನೋಡಿ: ಹುಲ್ಲಿನ ಎಲೆಯನ್ನು ಬೆರಳಿಗೆ ಸುತ್ತಿಕೊಂಡು, ದನ ನಾಲಿಗೆಯಲ್ಲಿ ಸೆಳೆಯುವ ಹಾಗೆ ಜಗ್ಗಿ. ಎಲೆ ಹರಿದು ಕೈಗೆ ಬಂದರೆ ಬೇರು ಹಿಡಿದಿದೆ. ಬುಡವೇ ಕಿತ್ತು ಬಂದರೆ ಹಿಡಿದಿಲ್ಲ. ಮೊದಲ ವರ್ಷ ಬಹಳ ಕಡೆ ಬುಡವೇ ಬರುತ್ತದೆ. ಬೀಜ ಉದುರಿದ ಮೇಲೆ, ಅಕ್ಟೋಬರ್ ಕೊನೆಗೆ, ಕುಡುಗೋಲಿನಲ್ಲಿ ಒಂದು ಮುಷ್ಟಿ ಬಿಟ್ಟು ಕೊಯ್ದು ಹೊತ್ತು ತಂದು ಹಾಕಿ. ಉದುರಿದ ಬೀಜ ಮುಂದಿನ ವರ್ಷ ನೀವು ಬಿಟ್ಟ ಜಾಗವನ್ನೆಲ್ಲ ತುಂಬುತ್ತದೆ.

ಸರದಿ ನಡೆಸುವುದು

ಎರಡನೇ ವರ್ಷ ಜುಲೈ ಕೊನೆಗೆ ಹಗುರವಾಗಿ ಶುರು ಮಾಡಿ. ಮೂರನೇ ವರ್ಷದಿಂದ ಪೂರ್ತಿ ಸರದಿ.

ಹುಲ್ಲನ್ನು ಕಚ್ಚಿದ ಮೇಲೆ ಅದು ಬೇರಿನಲ್ಲಿ, ಬುಡದಲ್ಲಿ ಕೂಡಿಟ್ಟ ಸತ್ವ ಖರ್ಚು ಮಾಡಿ ಹೊಸ ಎಲೆ ತೆಗೆಯುತ್ತದೆ. ನಾಲ್ಕೈದು ದಿನಕ್ಕೆ ಎಳೆ ಚಿಗುರು ಕಾಣುತ್ತದೆ. ದನಕ್ಕೆ ಅದೇ ಬಲು ರುಚಿ. ದನ ಅಲ್ಲೇ ಇದ್ದರೆ ಆ ಚಿಗುರನ್ನು ಮತ್ತೆ ಕಚ್ಚುತ್ತದೆ. ಹೀಗೆ ಎರಡು ಮೂರು ಸಲ ಆದರೆ ಬೇರು ಗಿಡ್ಡವಾಗಿ ಹುಲ್ಲು ಸಾಯುತ್ತದೆ. ದನಕ್ಕೆ ಬೇಡವಾದ ಕಸ ಆ ಜಾಗಕ್ಕೆ ಬರುತ್ತದೆ. ನಮ್ಮೂರ ಗೋಮಾಳಗಳಲ್ಲಿ ಆಗಿರುವುದು ಇದೇ. ದನ ಹೆಚ್ಚಾದದ್ದು ಒಂದು ಕಾರಣ, ಹುಲ್ಲಿಗೆ ಒಂದು ದಿನವೂ ಬಿಡುವು ಸಿಗದಿದ್ದದ್ದು ಇನ್ನೊಂದು. ಆದ್ದರಿಂದ ಹೊಸ ಚಿಗುರು ಬಾಯಿಗೆ ಸಿಗುವ ಮೊದಲೇ ದನ ಆ ಪಟ್ಟಿ ಬಿಡಬೇಕು. ಮಳೆಗಾಲದಲ್ಲಿ ಒಂದು ಪಟ್ಟಿಯಲ್ಲಿ ನಾಲ್ಕು ದಿನಕ್ಕಿಂತ ಜಾಸ್ತಿ ಬೇಡ.

ವಿಶ್ರಾಂತಿ ಎಷ್ಟು? ಮಳೆ ಹಿಡಿದಿರುವಾಗ 28 ದಿನ. 28ನ್ನು 4ರಿಂದ ಭಾಗಿಸಿದರೆ 7, ಅದಕ್ಕೆ ದನ ಇರುವ ಒಂದು ಪಟ್ಟಿ ಕೂಡಿಸಿದರೆ 8. ನನ್ನ ಎಂಟು ಪಟ್ಟಿಯ ಲೆಕ್ಕ ಇದು. ಅಕ್ಟೋಬರ್ ದಾಟಿ ಮಳೆ ನಿಂತ ಮೇಲೆ ಹುಲ್ಲು ನಿಧಾನ ಆಗುತ್ತದೆ. ಆಗ 45ರಿಂದ 60 ದಿನ ಬೇಕು. ಅಷ್ಟು ದಿನ ಹೊಂದಿಸಲು ಪಟ್ಟಿಗೆ ಮೂರ್ನಾಲ್ಕು ದಿನ ಹೆಚ್ಚು ಬಿಡಬಹುದು. ಅದಕ್ಕಿಂತ ಒಳ್ಳೆಯದು ಮನೆಯಲ್ಲಿ ಸಂಜೆ ಕಣಕಿ ಹಾಕಿ ಹೊಲದ ಮೇಲಿನ ಭಾರ ಇಳಿಸುವುದು. ಚಿಗುರು ನಿಧಾನವಾಗಿರುವುದರಿಂದ ಏಳೆಂಟು ದಿನ ಇದ್ದರೂ ಎರಡನೇ ಸಲ ಕಚ್ಚುವ ಭಯ ಕಡಿಮೆ.

ಕ್ಯಾಲೆಂಡರ್ ಬರೀ ಅಂದಾಜು. ನಿಜವಾದ ಅಳತೆ ನಿಮ್ಮ ಕೈಯಲ್ಲಿದೆ. ಹುಲ್ಲು ಒಂದೂವರೆ ಗೇಣು ಬಂದಾಗ ದನ ಒಳಗೆ. ಹೆಬ್ಬೆರಳು ಮೇಲೆತ್ತಿದ ಮುಷ್ಟಿಯನ್ನು ನೆಲಕ್ಕೂರಿದರೆ ಎಷ್ಟು ಎತ್ತರವೋ ಅಷ್ಟು ಉಳಿದಾಗ ದನ ಹೊರಗೆ. ಬೆಳಿಗ್ಗೆ ಪಟ್ಟಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆಯುತ್ತ ಹತ್ತು ಕಡೆ ಕುಕ್ಕರಗಾಲಲ್ಲಿ ಕೂತು ಮುಷ್ಟಿ ಊರಿ ನೋಡಿ. ಹತ್ತರಲ್ಲಿ ಆರು ಕಡೆ ಹುಲ್ಲು ಹೆಬ್ಬೆರಳಿನ ತುದಿಗಿಂತ ಕೆಳಗಿದ್ದರೆ ಆ ದಿನವೇ ಬದಲಿಸಿ. ನಾಲ್ಕು ದಿನ ಆಗಿಲ್ಲ ಅಂತ ಕಾಯಬೇಡಿ.

ಪಟ್ಟಿಯಲ್ಲಿ ಎಷ್ಟು ಮೇವಿದೆ ಅಂತ ಮೊದಲೇ ತಿಳಿಯಬೇಕಾ? ನಾಲ್ಕು ಕೋಲು ಕಟ್ಟಿ ಮೀಟರ್ ಉದ್ದ, ಮೀಟರ್ ಅಗಲದ ಚೌಕ ಮಾಡಿ. ಐದು ಕಡೆ ಇಟ್ಟು, ಮುಷ್ಟಿ ಎತ್ತರದ ಮೇಲಿನ ಹುಲ್ಲನ್ನು ಕೊಯ್ದು ತೂಗಿ ಸರಾಸರಿ ತೆಗೆಯಿರಿ. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ಮೂವತ್ತು ಗುಂಟೆ 3,030. ಚೌಕಕ್ಕೆ 200 ಗ್ರಾಂ ಹಸಿ ಹುಲ್ಲು ಸಿಕ್ಕಿದರೆ ಪಟ್ಟಿಯಲ್ಲಿ 600 ಕೆ.ಜಿ. ಇದೆ. ತುಳಿತಕ್ಕೆ, ಹೆಂಡಿಗೆ ಕಾಲು ಭಾಗ ಹೋದರೆ 450. ಮೂರು ಆಕಳಿಗೆ ದಿನಕ್ಕೆ ನೂರು ಕೆ.ಜಿ. ಚಿಲ್ಲರೆ. ನಾಲ್ಕು ದಿನ ಸಲೀಸು.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹುಲ್ಲು ದನವನ್ನು ಮೀರಿ ಬೆಳೆಯುತ್ತದೆ. ಆಗ ಎರಡು ಪಟ್ಟಿಗಳನ್ನು ಸರದಿಯಿಂದ ಬಿಟ್ಟುಬಿಡಿ. ತೆನೆ ಇಣುಕುವ ಹೊತ್ತಿಗೆ, ಎರಡು ಮೂರು ದಿನ ಹೊಳವಾದದ್ದು ನೋಡಿ ಕೊಯ್ದು ಒಣಗಿಸಿ ಬಣವೆ ಹಾಕಿ. ಬಲಿತ ಮೇಲೆ ಕೊಯ್ದರೆ ಅದು ಕಣಕಿಗಿಂತ ಕಡೆ.

ಕರಿ ಮಣ್ಣಿನವರಿಗೆ ಒಂದು ಮಾತು. ಮೂರು ದಿನ ಜಡಿಮಳೆ ಹಿಡಿದರೆ ದನಗಳನ್ನು ಹುಲ್ಲಿನ ಮೇಲೆ ಬಿಡಬೇಡಿ. ಗೊರಸು ಗೇಣಾಳ ಇಳಿದು ಬುಡಗಳನ್ನು ಹೂತು ಹಾಕುತ್ತದೆ. ಕೊಟ್ಟಿಗೆ ಪಕ್ಕ ಐದಾರು ಗುಂಟೆ ಗರಸು ಹಾಕಿದ ಜಾಗ ಇಟ್ಟುಕೊಂಡು ಆ ದಿನಗಳಲ್ಲಿ ಅಲ್ಲೇ ಮೇವು ಹಾಕಿ.

ಬೇಸಿಗೆ, ಬೆಂಕಿ, ಬೇನೆ

ಎಳ್ಳ ಅಮಾವಾಸ್ಯೆ ಕಳೆದು ಸಂಕ್ರಾಂತಿ ಬಂದಾಗ ನಾನು ದನಗಳನ್ನು ಹುಲ್ಲಿನಿಂದ ತೆಗೆಯುತ್ತೇನೆ. ಒಣಗಿದ ಬುಡ ಮುಷ್ಟಿಯಷ್ಟು ನಿಲ್ಲಬೇಕು. ಅದು ಬೇಸಿಗೆಯ ಬಿಸಿಲಿಗೆ ನೆರಳು, ಮೊದಲ ಮಳೆಯ ಹೊಡೆತಕ್ಕೆ ತಡೆ. ಆ ಒಣ ಹುಲ್ಲಿಗೆ ಒಂದು ಬೀಡಿ ಕಿಡಿ ಸಾಕು. ಫೆಬ್ರುವರಿಯಲ್ಲಿ ಸುತ್ತ ಆರೇಳು ಅಡಿ ಅಗಲ ಹರಗಿ ಬರಿ ಮಣ್ಣು ಮಾಡಿಡಿ, ದಾರಿ ಕಡೆ ಇನ್ನೂ ಅಗಲ.

ಬೇಸಿಗೆಯಲ್ಲಿ ಕಣಕಿಯನ್ನು ಕತ್ತರಿಸಿ, ಹೊಟ್ಟಿನ ಜೊತೆ ಬೆರೆಸಿ ಹಾಕಿ. ಇಡಿ ಕಣಕಿ ಹಾಕಿದರೆ ಗೋದಲಿಯಲ್ಲಿ ದಂಟು ಉಳಿಯುತ್ತದೆ. ದೊಡ್ಡ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು. ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರಿದ್ದರೆ ದನ ಬಿಡಬೇಡಿ. ಬಾಡಿದ ಎಳೆ ಜೋಳದಲ್ಲಿ ವಿಷ ಇರುತ್ತದೆ, ಸ್ವಲ್ಪ ಹೊತ್ತಿನಲ್ಲೇ ದನ ಬೀಳುತ್ತದೆ. ಹಾಗಾದರೆ ತಕ್ಷಣ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಬರುತ್ತದೆ.

ಮಳೆಗಾಲಕ್ಕೆ ಮೊದಲು ಗಳಲೆ ರೋಗ, ಚಪ್ಪೆ ಬೇನೆಯ ಲಸಿಕೆ. ಆರು ತಿಂಗಳಿಗೊಮ್ಮೆ ಕಾಲುಬಾಯಿ ಬೇನೆಯದು. ಚರ್ಮಗಂಟು ರೋಗದ್ದನ್ನೂ ಮರೆಯಬೇಡಿ. ಮಳೆಗಾಲದ ಮೊದಲು, ನಂತರ ಜಂತಿನ ಔಷಧವನ್ನು ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಡಿ. ಪಟ್ಟಿ ಬದಲಿಸುವಾಗ ಕಿವಿ ಒಳಗೆ, ಬಾಲದ ಬುಡದಲ್ಲಿ ಉಣ್ಣೆ ಇದೆಯಾ ನೋಡುವ ರೂಢಿ ಇಟ್ಟುಕೊಳ್ಳಿ. ದನ ನಿಮ್ಮ ಹಿಂದೆ ಬರುವುದನ್ನು ಬೇಗ ಕಲಿಯುತ್ತದೆ. ನಾನು ತಂತಿಯ ಕೊಕ್ಕೆ ಬಿಚ್ಚುವ ಸದ್ದಿಗೇ ನಮ್ಮ ಕರಿ ಮುಖದ ಆಕಳು ತಲೆ ಎತ್ತುತ್ತದೆ. ಓಣಿಗೆ ಅದೇ ಮೊದಲು. ಉಳಿದೆರಡು ಅದರ ಹಿಂದೆ.

ಒಂದು ನೋಟ್‌ಬುಕ್ ಬೇಕು. ಯಾವ ಪಟ್ಟಿಗೆ ಯಾವ ದಿನ ಹೋದವು, ಯಾವ ದಿನ ಬಂದವು, ಮಳೆ ಎಷ್ಟು, ಹಾಲು ಎಷ್ಟು. ಐದೇ ಕಾಲಂ ಸಾಕು. ಎರಡು ವರ್ಷದ ಪುಟ ತಿರುವಿದರೆ ಯಾವ ಪಟ್ಟಿ ಬೇಗ ಚಿಗುರುತ್ತದೆ, ಯಾವುದಕ್ಕೆ ಗೊಬ್ಬರ ಬೇಕು ಅಂತ ಗೊತ್ತಾಗುತ್ತದೆ. ನನ್ನ ಏಳನೇ ಪಟ್ಟಿ ಯಾವಾಗಲೂ ಐದು ದಿನ ಹಿಂದೆ ಇರುತ್ತಿತ್ತು. ಹೋದ ವರ್ಷ ಬೇಸಿಗೆಯಲ್ಲಿ ರಾತ್ರಿ ದನಗಳನ್ನು ಅಲ್ಲೇ ಕಟ್ಟಿದೆ. ಹೆಂಡಿ, ಗಂಜಲ ಬಿದ್ದ ಜಾಗ ಈ ವರ್ಷ ಎಲ್ಲಕ್ಕಿಂತ ಮೊದಲು ಹಸಿರಾಯಿತು.

ಬೋಳು ಜಾಗ ತುಂಬಲು ಪ್ರತಿ ವರ್ಷ ಬೀಜ ಕೊಳ್ಳಬೇಕಿಲ್ಲ. ಸರದಿಯಿಂದ ಬಿಟ್ಟ ಪಟ್ಟಿಯ ಒಂದು ಮೂಲೆಯನ್ನು ಕೊಯ್ಯದೆ ಉಳಿಸಿ. ಅಕ್ಟೋಬರ್‌ನಲ್ಲಿ ತೆನೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಬೆಳಗಿನ ಇಬ್ಬನಿ ಆರಿದ ಮೇಲೆ ಹೋಗಿ, ತೆನೆಯನ್ನು ಬೆರಳ ಸಂದಿಯಲ್ಲಿ ಹಿಡಿದು ಬುಡದಿಂದ ತುದಿಗೆ ಎಳೆದರೆ ಮಾಗಿದ ಬೀಜ ಮಾತ್ರ ಕೈಗೆ ಬರುತ್ತದೆ. ಎರಡು ದಿನ ನೆರಳಲ್ಲಿ ಹರಡಿ, ಗೋಣಿ ಚೀಲಕ್ಕೆ ತುಂಬಿ, ಇಲಿ ಮುಟ್ಟದ ಹಾಗೆ ಜಂತಿಗೆ ನೇತು ಹಾಕಿ. ಅವ್ವ ಈ ಸಲ ಕೂಡಿಸಿದ ಚೀಲ ನಾಲ್ಕು ಕೆ.ಜಿ. ತೂಗಿತು. ಮುಂದಿನ ಆರಿದ್ರಾ ಮಳೆಗೆ ಪಕ್ಕದ ಹೊಲದವರ ಒಂದು ಎಕರೆ ಮೊರಡಿಗೆ ಅದನ್ನೇ ಬಿತ್ತುವುದು ಅಂತ ಮಾತಾಗಿದೆ.